ಭಾವನನ್ನು ಹಿಡಿಯದ ಕ್ಯಾಮೆರಾ

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ನನಗೆ ಹಾವಿನಷ್ಟು ತಾಳ್ಮೆ ಇಲ್ಲ. ಎಂಟನೇ ವರ್ಷಕ್ಕೇ ಹುಣಸೂರಿಗೆ ಹೋಗಿ ಒಂದು ವಿಡಿಯೋ ಕ್ಯಾಮೆರಾ ತಂದೆ. ಮಕ್ಕಳು ಬೆಳೆಯುವುದನ್ನು ಹಿಡಿದಿಡಬೇಕು, ನಾಲ್ಕು ಜನ ಸೇರಿ ಎಲ್ಲಿಗಾದರೂ ಹೋದರೆ ನೆನಪಿಗಿರಲಿ, ಶಾಲೆಯ ವಾರ್ಷಿಕೋತ್ಸವಕ್ಕೂ ಆಗುತ್ತದೆ ಎಂದು ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದರಲ್ಲಿ ಅರ್ಧ ಸುಳ್ಳು. ಆ ಕ್ಯಾಮೆರಾವನ್ನು ನಾನು ಕೊಂಡದ್ದು ಒಬ್ಬ ಮನುಷ್ಯನನ್ನು ಹಿಡಿಯದೆ ಇರುವುದಕ್ಕೆ.

ಆ ಮನುಷ್ಯ ನಮ್ಮ ಯಜಮಾನರ ಅಕ್ಕನ ಗಂಡ. ಕೆ.ಆರ್. ನಗರದ ಕಡೆಯವರು, ನಾಲೆ ನೀರಿನ ಗದ್ದೆಯುಳ್ಳವರು. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಆತ ಭಾವ. ವರಸೆಯಲ್ಲಿ ನನಗೆ ಅಣ್ಣನಾಗಬೇಕು, ಹಾಗಾಗಿ ನಾನು ಅಣ್ಣ ಅನ್ನುತ್ತಿದ್ದೆ. ಎದುರಿಗೆ ಬಂದರೆ ಅಣ್ಣ, ಬಹುವಚನ, ಕಾಲು ತೊಳೆಯಲು ಒಂದು ಚೊಂಬು ನೀರು. ಬರೆಯಲು ಕೂತರೆ ಮಾತ್ರ ನನ್ನ ಪೆನ್ನಿನಿಂದ ಬಹುವಚನ ಇಳಿಯುವುದಿಲ್ಲ. ಓದುವವರು ಮನ್ನಿಸಬೇಕು. ಮನ್ನಿಸದಿದ್ದರೂ ನಷ್ಟವಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ನಂಟರಿಷ್ಟರಲ್ಲಿ ವಿಡಿಯೋ ಕ್ಯಾಮೆರಾ ಇದ್ದದ್ದು ಈ ಭಾವನೊಬ್ಬನ ಹತ್ತಿರ. ಹೆಗಲ ಮೇಲೆ ಹೊತ್ತುಕೊಳ್ಳುವಂಥ ದೊಡ್ಡ ಕ್ಯಾಮೆರಾ, ಅದರ ತಲೆಯ ಮೇಲೆ ಕಣ್ಣು ಕುಕ್ಕುವ ಲೈಟು. ಮದುವೆ ನಾಮಕರಣಗಳಿಗೆ ಲಗ್ನ ನೋಡುವುದಕ್ಕೆ ಮುಂಚೆ "ಭಾವಂಗೆ ಬಿಡುವೈತಾ ಕೇಳಿ" ಅನ್ನುತ್ತಿದ್ದರು. ಊಟಕ್ಕೆ ಮೊದಲ ಪಂಕ್ತಿ ಆತನದು. ಒಂದು ಮದುವೆಯಲ್ಲಿ ಮುಹೂರ್ತ ಮೀರುತ್ತಿದ್ದರೂ "ಇರಿ ಸ್ವಾಮಿ, ಲೈಟ್ ಕೆಟ್ಟೋಗೈತೆ" ಎಂದು ಪುರೋಹಿತರನ್ನೇ ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ. ಪುರೋಹಿತರು ತಾಳಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

ನನ್ನ ಮದುವೆಯಾದದ್ದು ಹುಣಸೂರಿನ ಒಂದು ಛತ್ರದಲ್ಲಿ. ಗಂಡನ ಮನೆ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಹತ್ತಿರ, ಹೊಗೆಸೊಪ್ಪಿನ ಬೇಸಾಯ. ನನ್ನ ತವರು ಎಚ್.ಡಿ. ಕೋಟೆಯ ಆಚೆ ಅಂತರಸಂತೆ ಪಕ್ಕದ ಹಳ್ಳಿ. ಎರಡು ಕಡೆಯವರಿಗೂ ನಡುವೆ ಅಂತ ಹುಣಸೂರನ್ನು ಗೊತ್ತು ಮಾಡಿದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅವ್ವ ಒಬ್ಬಳೇ ರಾಗಿ ಹೊಲ ಗೇದು, ಎರಡು ಎಮ್ಮೆ ಸಾಕಿ, ನನ್ನನ್ನು ಟೀಚರ್ ಟ್ರೈನಿಂಗ್‌ವರೆಗೂ ಓದಿಸಿದವಳು. ಧಾರೆ ಎರೆಯಲು ಗಂಡ ಹೆಂಡತಿ ಇಬ್ಬರೂ ಇರಬೇಕಲ್ಲ, ಸೋದರಮಾವ ಮತ್ತು ಅವರ ಹೆಂಡತಿ ಎರೆದರು. ಅದಕ್ಕೆ ಅವ್ವ ಬೇಜಾರು ಮಾಡಿಕೊಂಡವಳಲ್ಲ. ಮಂಟಪದ ಪಕ್ಕದ ಕಂಬಕ್ಕೆ ಕೈ ಕೊಟ್ಟು ನಿಂತು ನೋಡುತ್ತಿದ್ದಳು.

ಅಲ್ಲಿಗೂ ಈ ಭಾವ ಬಂದ. ಕ್ಯಾಮೆರಾ ಇಳಿಸಿ, ಎಷ್ಟೋ ವಿನಯದಿಂದ, "ಅವ್ವಾರೆ, ಒಸಿ ಅತ್ಲಾಗಿ ನಿಂತ್ಕಳಿ. ಕ್ಯಾಮ್ರಾಕ್ಕೆ ಬತ್ತೀರಿ. ಶುಭದ ಕ್ಯಾಸೆಟ್ಟು ನೋಡಿ" ಅಂದನಂತೆ. ಅವ್ವ ಹೂಂ ಕಣಪ್ಪ ಅಂದು ಅಡುಗೆಯವರಿದ್ದ ಕಡೆ ಹೋಗಿ ಸಾರಿನ ಹಂಡೆಯ ಪಕ್ಕ ನಿಂತಳಂತೆ. ತಲೆ ತಗ್ಗಿಸಿ ಹಸೆಯ ಮೇಲೆ ಕೂತಿದ್ದ ನನಗೆ ಇದೊಂದೂ ಗೊತ್ತಾಗಲಿಲ್ಲ. ತಿಂಗಳಾದ ಮೇಲೆ ಸೋದರಮಾವನ ಹೆಂಡತಿ ಹೇಳಿದರು.

ಕ್ಯಾಸೆಟ್ಟು ಬಂತು. ಮೂರು ಗಂಟೆಯದು. ಮೊದಲಿಗೆ ಗಣಪತಿ, ಕೊನೆಗೆ ಆರತಿ, ನಡುವೆಲ್ಲ ಸಿನಿಮಾ ಹಾಡು. ಅತ್ತೆ ಅದಕ್ಕೆ ಕುಂಕುಮ ಇಟ್ಟು ದೇವರ ಗೂಡಿನ ಪಕ್ಕದ ಬೀರುವಿನಲ್ಲಿ ಇಟ್ಟುಕೊಂಡರು. ಅದರಲ್ಲಿ ಬೆನ್ನು ಕೆರೆದುಕೊಳ್ಳುವ ಅಡುಗೆಯವನಿದ್ದಾನೆ. ಛತ್ರದ ಬಾಗಿಲಲ್ಲಿ ಮಲಗಿದ್ದ ನಾಯಿ ಇದೆ. ಅವ್ವನ ಸೆರಗಿನ ತುದಿಯೂ ಇಲ್ಲ. ಹೆಣ್ಣು ಒಪ್ಪಿಸುವಾಗ ನಾನು ಅಳುತ್ತಾ ಯಾರನ್ನೋ ತಬ್ಬಿಕೊಳ್ಳಲು ಎರಡೂ ಕೈ ಚಾಚಿ ಮುಂದೆ ಬಾಗುತ್ತೇನೆ, ಅಷ್ಟರಲ್ಲಿ ಬಾಳೆಕಂದು ಕಟ್ಟಿದ ಬಸ್ಸಿನ ಮೂತಿ. ಅರ್ಧ ನಿಮಿಷ ಬರೀ ಬಸ್ಸು. ಮನೆಗೆ ಯಾರು ನಂಟರು ಬಂದರೂ ಕ್ಯಾಸೆಟ್ ಹಾಕುತ್ತಿದ್ದರು, ನಾನು ಕಾಫಿ ಲೋಟ ಹಿಡಿದುಕೊಂಡು ಆ ಬಸ್ಸನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ನನ್ನ ಸೀಮಂತಕ್ಕೆ ಅವ್ವ ಬಂದಳು. "ಬೀಗಿತ್ತೇರು ಇನ್ನೂ ಮದುವೆ ಕ್ಯಾಸೆಟ್ ನೋಡಿಲ್ಲ ಕಣ್ರೀ" ಎಂದು ಅತ್ತೆಯೇ ಸಡಗರಪಟ್ಟು ಹಾಕಿಸಿದರು. ಅತ್ತೆಗೆ ಅದರಲ್ಲಿ ಏನಿದೆ, ಏನಿಲ್ಲ ಎಂಬ ಕಡೆ ಗಮನವೇ ಇರಲಿಲ್ಲ. ಅವ್ವ ಟೀವಿಯ ಮುಂದೆ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಮೂರು ಗಂಟೆ ನೀರಿಗೂ ಏಳಲಿಲ್ಲ. ನಾನು ಕೈ ಚಾಚುವ ಜಾಗ ಬಂದಾಗ ಅವಳೂ ಕೂತಲ್ಲೇ ಮುಂದಕ್ಕೆ ಬಗ್ಗಿದಳು. ಬಸ್ಸು ಬಂತು. ಅವಳು ಮೆಲ್ಲಗೆ ಹಿಂದಕ್ಕೆ ಸರಿದು ಕೂತಳು.

ಸಂಜೆ ಹಿತ್ತಿಲಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಆ ಪೆಟ್ಗೆ ಒಳಗೆ ನಾನು ಎಂಗ್ ಕಾಣ್ತೀನೋ ಒಂದ್ ಸಲ ನೋಡಾಣ ಅಂತಿತ್ತು ಕಣ್ ಮಗ. ನಿನ್ನ ತಬ್ಕಂಡಾಗಾದ್ರೂ ಬಂದಿರ್ತೀನಿ ಅನ್ಕಂಡಿದ್ದೆ."

ಅಷ್ಟೇ ಅಂದದ್ದು. ನನಗೆ ಮೈಯೆಲ್ಲ ಉರಿದುಹೋಯಿತು. ಬಸುರಿ ಹೆಂಗಸು ಶಾಪ ಹಾಕಬಾರದು ಅನ್ನುತ್ತಾರೆ, ನಾನು ಮನಸಾರೆ ಹಾಕಿದೆ. ಅವತ್ತೇ ನಿಶ್ಚಯ ಮಾಡಿಕೊಂಡೆ. ನನ್ನ ಅವ್ವನನ್ನು ಟೀವಿಯಲ್ಲಿ ಅವಳಿಗೇ ತೋರಿಸಬೇಕು. ಅದೇ ಟೀವಿಯಲ್ಲಿ ಈ ಮನುಷ್ಯನ ನೆರಳೂ ಬೀಳಬಾರದು. ಎರಡೂ ಒಂದೇ ಕ್ಯಾಸೆಟ್ಟಿನಲ್ಲಿ ಆಗಬೇಕು, ಅದನ್ನು ಆತ ಕೂತು ನೋಡಬೇಕು.

ಎರಡು ಮಕ್ಕಳಾದವು. ನನಗೆ ಪಿರಿಯಾಪಟ್ಟಣದ ಹತ್ತಿರವೇ ಸರ್ಕಾರಿ ಶಾಲೆಯಲ್ಲಿ ಕೆಲಸವಾಯಿತು. ಸಂಬಳ ನನ್ನ ಕೈಗೆ ಬರಲು ಶುರುವಾದ ಮೇಲೆ ಯಜಮಾನರನ್ನು ಎಬ್ಬಿಸಿಕೊಂಡು ಹುಣಸೂರಿಗೆ ಹೊರಟೆ. ಅಲ್ಲೊಬ್ಬ ಸ್ಟುಡಿಯೋದವರು ಕೇಳಿದವರಿಗೆ ಕ್ಯಾಮೆರಾ ತರಿಸಿಕೊಡುತ್ತಿದ್ದರು. ಮೂರು ನಮೂನೆ ತಂದು ಗಾಜಿನ ಮೇಜಿನ ಮೇಲಿಟ್ಟರು. ಒಂದು ಭಾವನದರ ಥರದ್ದು, ಹೆಗಲಿಗೆ ಹೊರುವಂಥದ್ದು. ಇನ್ನೊಂದು ಅದರ ಅರ್ಧ, ಒಂದು ಕಣ್ಣು ಮುಚ್ಚಿ ಒಂದು ಕಣ್ಣನ್ನು ತೂತಿಗೆ ಒತ್ತಿ ನೋಡಬೇಕಾದದ್ದು. ಮೂರನೆಯದು ಅಂಗೈಯಲ್ಲಿ ಕೂರುವಷ್ಟು, ಪಕ್ಕದಲ್ಲಿ ಬಾಗಿಲಿನಂತೆ ತೆರೆದುಕೊಳ್ಳುವ ಸಣ್ಣ ಪರದೆ.

ಯಜಮಾನರು ಸೀದಾ ದೊಡ್ಡದರ ಹತ್ತಿರ ಹೋದರು. ಹೊಗೆಸೊಪ್ಪಿನ ಮೂಟೆ ಎತ್ತಿ ನೋಡುವ ಹಾಗೆ ಎರಡು ಕೈಯಲ್ಲಿ ಎತ್ತಿ ತೂಗಿದರು. "ಇದು ನೋಡು, ಮಾಲು ಅಂದ್ರೆ ಇದು. ಹೆಗಲ ಮೇಲೆ ಇಟ್ಕಂಡು ನಿಂತ್ರೆ ಜನ ದಾರಿ ಬುಡ್ತಾರೆ. ಆ ಸಣ್ದು ಟಾರ್ಚ್ ಇದ್ದಂಗೈತೆ."

"ನನಗೆ ದಾರಿ ಬುಡೋದು ಬ್ಯಾಡ" ಅಂದೆ.

ಸ್ಟುಡಿಯೋದವರು ಪಾಪ ಎಲ್ಲವನ್ನೂ ವಿವರಿಸಿದರು. ಇದು ದೂರದ್ದನ್ನು ಹತ್ತಿರ ಎಳೆಯುತ್ತದೆ, ಇದಕ್ಕೆ ಮಾಮೂಲಿ ಕ್ಯಾಸೆಟ್ಟೇ ಸಾಕು, ಇದರ ಬ್ಯಾಟರಿ ಒಂದು ಗಂಟೆ ಬರುತ್ತದೆ, ಇದನ್ನು ಟೀವಿಗೆ ನೇರ ವೈರು ಕೊಟ್ಟು ನೋಡಬಹುದು. ನಾನು ಎಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದೆ: "ಹಿಡೀತಾ ಇರುವಾಗ ಯಾರಾದರೂ ತಟ್ಟನೆ ಒಳಗೆ ಬಂದರೆ, ಅವರು ಬರದ ಹಾಗೆ ಎಷ್ಟು ಬೇಗ ತಿರುಗಿಸಬಹುದು?"

ಅವರಿಗೆ ಇಪ್ಪತ್ತು ವರ್ಷದ ಕಸುಬಿನಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲವಂತೆ. "ಬರೋರು ಬರಲಿ ಬುಡಿ ಮೇಡಂ" ಅಂದರು.

"ಅದೇ ಆಗಲ್ಲ" ಅಂದೆ.

ಯಜಮಾನರನ್ನು ಅಂಗಡಿಯ ಬಾಗಿಲಿಂದ ಹೊರಗೆ ಕಳಿಸಿ, ಒಳಗೆ ಬನ್ನಿ, ಹೊರಗೆ ಹೋಗಿ, ಈಗ ಎಡಗಡೆಯಿಂದ ಬನ್ನಿ ಎಂದು ಹತ್ತು ಸಲ ಓಡಾಡಿಸಿದೆ. ಮೂರು ಕ್ಯಾಮೆರಾದಲ್ಲೂ ಅವರನ್ನು ತಪ್ಪಿಸಿ ನೋಡಿದೆ. ದೊಡ್ಡದು ತಿರುಗುವಷ್ಟರಲ್ಲಿ ಅವರು ಹೊಟ್ಟೆ ಸಮೇತ ಒಳಗೆ ಬಂದಿರುತ್ತಿದ್ದರು. ತೂತಿನ ಕ್ಯಾಮೆರಾದಲ್ಲಿ ಪಕ್ಕದಿಂದ ಯಾರು ಬರುತ್ತಿದ್ದಾರೆ ಎಂಬುದೇ ಕಾಣದು. ಸಣ್ಣದರಲ್ಲಿ ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಕಣ್ಣು ಆಸಾಮಿಯ ಮೇಲೆ. ಮಣಿಕಟ್ಟು ತಿರುಗಿಸಿದರೆ ಸಾಕು, ಮನುಷ್ಯ ಮಾಯ. ಅದೂ ಅಲ್ಲದೆ ಆ ಪರದೆಯನ್ನು ಪೂರ್ತಿ ಹೊರಳಿಸಿದರೆ ಎದುರಿಗೆ ಕೂತವರಿಗೆ ತಮ್ಮ ಮುಖ ತಮಗೇ ಕಾಣುತ್ತಿತ್ತು. ಅವ್ವನಿಗೆ ಆ ವರ್ಷ ಕಣ್ಣಿನ ಆಪರೇಷನ್ ಆಗಿತ್ತು, ದೊಡ್ಡ ಲೈಟು ಕಣ್ಣಿಗೆ ಬಿದ್ದರೆ ನೀರು ಸುರಿಯುತ್ತಿತ್ತು. ಇದಕ್ಕೆ ಲೈಟಿನ ಹಂಗಿಲ್ಲ. ಇದನ್ನೇ ಕೊಡಿ ಅಂದೆ.

ಬಸ್ಸಿನಲ್ಲಿ ಯಜಮಾನರು ಮೆಲ್ಲಗೆ ಕೇಳಿದರು, "ಯಾರನ್ನ ತಪ್ಪಿಸ್ಬೇಕು ಅಂತಿದ್ದೀಯ?"

ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿಕೊಂಡು, "ನನ್ನ ಮಾತು ಕೇಳು, ಮೂಗು ಕೊಯ್ಕಂಡು ಅಪಶಕುನ ಮಾಡೋಕೆ ಹೋಗ್ಬ್ಯಾಡ" ಅಂದರು. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಹೊಗೆಸೊಪ್ಪಿನ ಮಾರಾಟ ಮುಗಿದು ಸೊಪ್ಪು ಬೇಯಿಸುವ ಬ್ಯಾರನ್‌ಗಳೆಲ್ಲ ತಣ್ಣಗಾಗಿದ್ದ ಕಾಲ. ಮನೆಮಂದಿಯೆಲ್ಲ ಒಂದು ದಿನ ಬೀಚನಹಳ್ಳಿ ಅಣೆಕಟ್ಟೆಗೆ ಹೋಗಿ ಬರುವ ಎಂದು ನಾನೇ ಎಬ್ಬಿಸಿದೆ. ನಮ್ಮ ತವರಿಗೆ ಹತ್ತಿರ, ಅವ್ವನೂ ಅಲ್ಲಿಗೇ ಊಟ ಹೊತ್ತು ಬರುತ್ತಾಳೆ. ಭಾವನಿಗೆ ನಾನೇ ಫೋನ್ ಮಾಡಿ ಕರೆದೆ. "ಅಣ್ಣ, ನಿಮ್ಮ ಕ್ಯಾಮೆರಾ ತರಬೇಡಿ. ಯಾವಾಗಲೂ ನೀವೇ ಹಿಡೀತೀರಿ, ಈ ಸಲ ಆರಾಮಾಗಿರಿ, ನಾನು ಹಿಡೀತೀನಿ" ಅಂದೆ. ಬೆಣ್ಣೆಯಂಥ ದನಿ ನನ್ನದು.

ಆತ ನಕ್ಕ. "ಹತ್ತು ವರ್ಸದಿಂದ ಎಲ್ಲರ್ನೂ ಹಿಡಿದೆ ಕಣವ್ವ. ಒಂದ್ ಕ್ಯಾಸೆಟ್ಟಲ್ಲೂ ನಾನಿಲ್ಲ. ನನ್ನ ಹಿಡಿಯೋರು ಯಾರೂ ಇರ್ನಿಲ್ಲ ನೋಡು. ಬತ್ತೀನಿ, ಬತ್ತೀನಿ."

ಒಳ್ಳೆಯ ಹೆಂಗಸಾಗಿದ್ದರೆ ಆ ಮಾತಿಗೆ ನನ್ನ ಮನಸ್ಸು ಕರಗಬೇಕಿತ್ತು. ನನಗೆ ಖುಷಿಯಾಯಿತು. ಇಷ್ಟು ಆಸೆ ಇರುವವನಿಗೆ ಸಿಗದಿದ್ದರೇ ಚೆನ್ನ ಅಂದುಕೊಂಡೆ.

ಆ ದಿನ ಆತ ಗರಿಗರಿ ಬಿಳಿ ಶರ್ಟು, ಬಣ್ಣ ಹಚ್ಚಿದ ಮೀಸೆ, ತಂಪು ಕನ್ನಡಕ ಹಾಕಿಕೊಂಡು ಟೆಂಪೋ ಹತ್ತಿದ. ಜೇಬಿನಲ್ಲಿ ಬಾಚಣಿಗೆ. ಅಣೆಕಟ್ಟೆಯ ಮೇಲೆ ಕ್ಯಾಮೆರಾ ಬಿಡುವುದಿಲ್ಲ ಅಂದದ್ದಕ್ಕೆ ಹಿನ್ನೀರಿನ ದಡಕ್ಕೆ ಹೋದೆವು. ಅಲ್ಲಿ ನಾಲ್ಕಾರು ಹೊಂಗೆ ಮರ, ಒಳ್ಳೆಯ ನೆರಳು. ಅವ್ವ ಆಗಲೇ ಬಂದು ಪಾತ್ರೆಗಳನ್ನು ಇಳಿಸಿಕೊಂಡು ಮರದ ಬುಡದಲ್ಲಿ ಕಲ್ಲು ಹೂಡಿ ಸಾರು ಬಿಸಿಗಿಟ್ಟಿದ್ದಳು. ಅವಳನ್ನು ಊಟವಾದ ಮೇಲೆ ಸಾವಧಾನವಾಗಿ ಕೂರಿಸಿ, ಪರದೆಯನ್ನು ಅವಳ ಕಡೆಗೇ ಹೊರಳಿಸಿ ಹಿಡಿಯಬೇಕು ಎಂದು ಮೊದಲೇ ಎಣಿಸಿಕೊಂಡಿದ್ದೆ. ಮೊದಲು ಇನ್ನೊಂದು ಕೆಲಸ ಮುಗಿಯಲಿ.

ಮಕ್ಕಳು ನೀರಾಡುವುದನ್ನು ಹಿಡಿದೆ. ಅತ್ತೆ ಎಲೆ ಅಡಿಕೆ ಮೆಲ್ಲುವುದನ್ನು ಹಿಡಿದೆ. ಯಜಮಾನರ ಅಕ್ಕ ಹೊಸ ಸೀರೆಯ ನೆರಿಗೆ ಸರಿಮಾಡಿಕೊಳ್ಳುವುದನ್ನು ಹಿಡಿದೆ. ಭಾವ ಒಂದು ಬಂಡೆಯ ಮೇಲೆ ಕಾಲಿಟ್ಟು, ಸೊಂಟಕ್ಕೆ ಕೈಕೊಟ್ಟು, ದೂರ ನೋಡುತ್ತಾ ನಿಂತ. ನಾನು ಆ ಬಂಡೆಯ ಆಚೆ ಮೇಯುತ್ತಿದ್ದ ಎಮ್ಮೆಯನ್ನು ಹಿಡಿದೆ. "ತಂಗ್ಯವ್ವ, ನಾ ಅಲ್ಲಿಂದ ನಡ್ಕಂಡು ಬತ್ತೀನಿ, ಹಿಡಿ" ಅಂದು ದಡದ ಉದ್ದಕ್ಕೂ ನಿಧಾನವಾಗಿ, ಕನ್ನಡಕ ತೆಗೆದು ಹಾಕುತ್ತಾ ನಡೆದು ಬಂದ. ನಾನು ಕ್ಯಾಮೆರಾ ಎತ್ತಿ ಹಿಡಿದುಕೊಂಡೇ ಇದ್ದೆ, ಒಳಗೆ ಹೋದದ್ದು ಒಂದು ಬೆಳ್ಳಕ್ಕಿ. "ಚೆನ್ನಾಗಿ ಬಂತಾ?" "ಭಾರಿ ಚೆನ್ನಾಗಿ ಬಂತು ಅಣ್ಣ." ಬಾಚಣಿಗೆ ತೆಗೆದು ಮತ್ತೆ ತಲೆ ಬಾಚಿಕೊಂಡ. ನನಗೆ ನಗು ತಡೆಯಲಾಗದೆ ಮರದ ಹಿಂದೆ ಹೋಗಿ ನಕ್ಕು ಬಂದೆ.

ಮಕ್ಕಳು ಬಂದು ಅಷ್ಟು ಹೊತ್ತು ಹಿಡಿದದ್ದನ್ನು ಸಣ್ಣ ಪರದೆಯಲ್ಲಿ ತೋರಿಸು ಎಂದು ಕಾಡಿದವು. ತೋರಿಸಿದೆ. ನನ್ನ ಮಗಳು ಎಲ್ಲರಿಗೂ ಕೇಳುವ ಹಾಗೆ ಕಿರುಚಿದಳು: "ಅಮ್ಮಾ, ಮಾವ ಒಂದ್ ಕಡೆನೂ ಇಲ್ಲ! ಬರೀ ಎಮ್ಮೆ!"

ಭಾವ ಬಂದು ಬಗ್ಗಿ ನೋಡಿದ. ಎಮ್ಮೆ ನೋಡಿದ, ಬೆಳ್ಳಕ್ಕಿ ನೋಡಿದ. "ಏನವ್ವ, ನಾ ಎಲ್ಲೂ ಬಂದೇ ಇಲ್ವಲ್ಲ?"

ಎಂಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು, ಅದೇ ವಿನಯದಿಂದ, ಆಗ ಹೇಳಿದೆ. "ಅಣ್ಣ, ಒಸಿ ಅತ್ಲಾಗಿ ನಿಂತ್ಕಳಿ. ಕ್ಯಾಮ್ರಾಕ್ಕೆ ಬತ್ತೀರಿ."

ಆತ ನನ್ನನ್ನೇ ನೋಡಿದ. ನೆನಪಾಯಿತು ಎನ್ನುವುದು ಮುಖದಲ್ಲೇ ಕಂಡಿತು. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು, ದೂರದ ಹೊಂಗೆ ಮರದ ಕೆಳಗೆ ಹೋಗಿ ನಮಗೆ ಬೆನ್ನು ಹಾಕಿ ಕೂತ. ನನ್ನ ಹೊಟ್ಟೆಯ ಉರಿಗೆ ಕೊಡ ನೀರು ಹೊಯ್ದಂತಾಯಿತು. ಸುಖವೆಂದರೆ ಸುಖ. ಅದನ್ನು ಇವತ್ತಿಗೂ ನಾನು ಅಲ್ಲಗಳೆಯುವುದಿಲ್ಲ.

ಅವ್ವ ಸೌಟು ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಹತ್ತಿರ ಬಂದು ಕೇಳಿದಳು, "ಏನೇ ಮಾಡ್ದೆ ಮಗ?"

"ಅವ್ರು ನಿನಗೆ ಮಾಡಿದ್ದನ್ನೇ."

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಅವ್ರು ಆ ಮನೆ ಅಳಿಯ ಕಣೇ. ನಾನು ಹೆಣ್ಣು ಕೊಟ್ಟೋಳು. ನಮ್ಮೂರ ದಿಕ್ಕಿಗೆ ಬಂದು ಅವ್ರು ಮಕ ಸಪ್ಪಗೆ ಮಾಡ್ಕಂಡು ಓದ್ರೆ ನಾಳೆ ಮಾತು ಯಾರ ಮೇಲೆ ಬತ್ತದೆ? ಬಾಳೋಳು ನಾನಾ ನೀನಾ?"

ನಮ್ಮ ಕಡೆ ಪದ್ಧತಿ ಹಾಗೆ. ಗಂಡಿನ ಕಡೆಯವರು ಹೆಣ್ಣು ಕೊಟ್ಟವರ ಊರಿನ ಕಡೆ ಬಂದರೆ ಹೆಣ್ಣಿನ ತಾಯಿಯೇ ತನ್ನ ಕೈಯಾರೆ ಬಡಿಸಬೇಕು, ಅವರು ಕೈ ತೊಳೆಯುವವರೆಗೂ ತಾನು ಉಣ್ಣಬಾರದು. ಮನೆಯ ಅಳಿಯನೆಂದರೆ ಇನ್ನೂ ಹೆಚ್ಚು. ಮಿಕ್ಕವರಿಗೆ ಬಡಿಸುವುದನ್ನು ಯಜಮಾನರ ಅಕ್ಕನಿಗೆ ವಹಿಸಿ, ಅವ್ವ ಒಂದು ಕೈಯಲ್ಲಿ ಮುದ್ದೆಯ ಪುಟ್ಟಿ, ಇನ್ನೊಂದು ಕೈಯಲ್ಲಿ ನಾಟಿಕೋಳಿ ಸಾರಿನ ಪಾತ್ರೆ ಹಿಡಿದು ಆ ದೂರದ ಮರದ ಕಡೆ ನಡೆದಳು. ಆತನ ಮುಂದೆ ಎಲೆ ಹಾಸಿ ಅಲ್ಲೇ ಕೂತುಬಿಟ್ಟಳು.

ನಾನು ಈ ಕಡೆ ಊಟಕ್ಕೆ ಕೂತವರನ್ನು ಹಿಡಿಯುತ್ತಿದ್ದೆ. ಅವ್ವ ಎದ್ದು ಈಚೆ ಬಂದರೆ ಹಿಡಿಯೋಣ ಎಂದು ಮರದ ಹತ್ತಿರಕ್ಕೇ ಹೋಗಿ ಕ್ಯಾಮೆರಾ ಹಿಡಿದು ಕಾದೆ. ಅವಳು ಪಕ್ಕಕ್ಕೆ ವಾಲಿದರೆ ಸಾಕು, ಅವಳೊಬ್ಬಳನ್ನೇ ಹಿಡಿಯಬಹುದಿತ್ತು. ಅವಳ ಭುಜ ಒಳಗೆ ಬರುತ್ತಿದ್ದ ಹಾಗೆ ಆತನ ಬೆನ್ನೂ ಬರುತ್ತಿತ್ತು, ನಾನು ಕ್ಯಾಮೆರಾವನ್ನು ಮೇಲಕ್ಕೆ ಕೊಂಬೆಯ ಕಡೆ ಎತ್ತುತ್ತಿದ್ದೆ. ಮತ್ತೆ ಇಳಿಸುವುದು, ಮತ್ತೆ ಬೆನ್ನು, ಮತ್ತೆ ಕೊಂಬೆ. "ಅವ್ವಾ, ಈ ಕಡೆ ಬಾ" ಎಂದು ಮೂರು ಸಲ ಕರೆದೆ. "ಇರು ಮಗ, ಅವ್ರು ಉಣ್ಲಿ" ಅಂದಳು. ಉಂಡ ಮೇಲೆ ಎಲೆ ಅಡಿಕೆ ಮಡಿಸಿ ಕೊಟ್ಟಳು, ಆತನ ಹೊಲದ ವಿಚಾರ ಕೇಳಿದಳು, ನೀರು ತಂದು ಕೊಟ್ಟಳು. ಟೆಂಪೋ ಹತ್ತುವವರೆಗೂ ಆತನ ಮಗ್ಗುಲು ಬಿಡಲಿಲ್ಲ. ಅಷ್ಟರಲ್ಲಿ ನನ್ನ ಬ್ಯಾಟರಿ ಮುಗಿದಿತ್ತು. ಬೆಳಗಿನ ಗುಂಪಿನಲ್ಲಿ ಎಲ್ಲಾದರೂ ಇದ್ದೇ ಇರುತ್ತಾಳೆ ಬಿಡು ಎಂದುಕೊಂಡು ಸಮಾಧಾನ ಮಾಡಿಕೊಂಡೆ. ಅವ್ವನನ್ನೂ ನಮ್ಮ ಜೊತೆಯಲ್ಲೇ ಊರಿಗೆ ಕರೆತಂದೆ.

ಮುಂದಿನ ಭಾನುವಾರ ಮಧ್ಯಾಹ್ನ ಕ್ಯಾಸೆಟ್ ಹಾಕಿದೆ. ಭಾವನನ್ನು ಅಕ್ಕನ ಮೂಲಕ ಹೇಳಿಕಳಿಸಿ ಕರೆಸಿದ್ದೆ, ಕೂತು ನೋಡಲಿ ಎಂದೇ. ಬಂದವನು ಕುರ್ಚಿಯ ಮೇಲೆ ಕೂರದೆ ಗೋಡೆಯ ಮಗ್ಗುಲಿಗೆ ಕೂತ. ಅವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಹೊಸ ಕನ್ನಡಕ ಒರೆಸಿಕೊಂಡು ಎಲ್ಲರಿಗಿಂತ ಮುಂದೆ ಕೂತಳು.

ಮಕ್ಕಳು ನೀರಾಡುವುದಕ್ಕೆ ಎಲ್ಲರೂ ನಕ್ಕರು. ಎಮ್ಮೆ ಬಂದಾಗಲೂ ನಕ್ಕರು. ಊಟದ ಸಾಲು ಬಂತು. ಆಮೇಲೆ ಹೊಂಗೆಯ ಕೊಂಬೆ. ಎಲೆ ಅಲ್ಲಾಡುತ್ತಿದೆ, ಎಲೆಯ ಸಂದಿಯಲ್ಲಿ ಆಕಾಶ. ಕೊಂಬೆಯೊಳಗಿಂದಲೇ ಎಂಬಂತೆ ಅವ್ವನ ದನಿ: "ಇನ್ನರ್ಧ ಮುದ್ದೆ ಇಕ್ತೀನಿ ಕಣಪ್ಪ. ಎಣ್ಣು ಹುಡುಗಿ ಬುದ್ಧಿ, ಮನಸಿಗೆ ಹಾಕ್ಕಬ್ಯಾಡಿ." ಭಾವನ ದನಿ: "ಸಾಕು ಕಣವ್ವ, ಸಾಕು." ಕೊಂಬೆ ಕೆಳಗಿಳಿಯುತ್ತದೆ, ಇಳಿದದ್ದೇ ತಟ್ಟನೆ ಮೇಲೇರುತ್ತದೆ. ಮತ್ತೆ ಎಲೆ, ಮತ್ತೆ ಆಕಾಶ. ಹೀಗೆ ಹತ್ತು ನಿಮಿಷ. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಪರದೆ ನೀಲಿಯಾಯಿತು. ಬೆಳಗಿನ ಗುಂಪಿನಲ್ಲೂ ಅವ್ವ ಇರಲಿಲ್ಲ, ಅವಳು ಆಗ ಒಲೆಯ ಮುಂದಿದ್ದಳು.

ಮೊದಲು ಬಾಯಿ ಬಿಟ್ಟವನು ಭಾವ. "ಅವ್ವಾರೆಲ್ಲಿ? ಅವ್ರೂ ಒಂದ್ ಕಡೆನೂ ಬರ್ನಿಲ್ವಲ್ಲ?"

ಅದು ಕುಹಕವೋ, ನಿಜವಾಗಿ ಕೇಳಿದ್ದೋ ಇವತ್ತಿಗೂ ನನಗೆ ಗೊತ್ತಿಲ್ಲ. ಕುಹಕವಾಗಿದ್ದರೆ ಚೆನ್ನಾಗಿತ್ತು. ನಾನು ಎದ್ದು ಟೀವಿ ಆರಿಸಿದೆ. ಅವ್ವ ಕನ್ನಡಕ ತೆಗೆದು ಮಡಿಸಿ, "ಮಕ್ಳು ಚೆಂದಾಗಿ ಬಂದವೆ ಬುಡು" ಎಂದು ಎದ್ದು ಒಳಗೆ ಹೋದಳು.

ಮಾರನೆ ದಿನ ಬೆಳಿಗ್ಗೆಯೇ ಬ್ಯಾಟರಿ ತುಂಬಿಸಿಕೊಂಡು ಅವಳ ಮುಂದೆ ನಿಂತೆ. ಅವಳು ಕೈ ಅಡ್ಡ ಹಿಡಿದಳು. "ನನ್ನೊಬ್ಬಳನ್ನೇ ಹಿಡೀಬ್ಯಾಡ. ಮೊದ್ಲು ಅವ್ರನ್ನ ಹಿಡಿ. ಇಲ್ಲಾ ಇಬ್ರನ್ನೂ ಒಟ್ಟಿಗೆ ಹಿಡಿ. ಅಂಗಾದ್ರೆ ಕುಂತ್ಕತೀನಿ."

"ಸತ್ತರೂ ಆ ಮನುಷ್ಯನನ್ನು ಹಿಡಿಯಲ್ಲ ಅವ್ವ."

"ಸರಿ ಬುಡು, ಹಂಗಾರೆ ನಾನೂ ಬ್ಯಾಡ."

ನಾನು ಅವಳ ಮಗಳೇ ಅಲ್ಲವೇ. ಇಬ್ಬರೂ ಜಗ್ಗಲಿಲ್ಲ. ಒಂದು ಸಲ ಅವಳು ಅಕ್ಕಿ ಆರಿಸುವಾಗ ಕದ್ದು ಹಿಡಿಯಲು ಹೋದೆ. ಕಂಡವಳೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿ ಕೂತಳು. ಆಮೇಲೆ ನಾನು ಆ ಕೆಲಸಕ್ಕೆ ಹೋಗಲಿಲ್ಲ.

ಎರಡು ವರ್ಷದ ಮೇಲೆ ಒಂದು ಅವಕಾಶ ಬಂತು. ಶಾಲೆಗೆ ರಜೆ ಇತ್ತು, ನಾನು ಮಕ್ಕಳೊಂದಿಗೆ ತವರಿಗೆ ಹೋಗಿದ್ದೆ, ಕ್ಯಾಮೆರಾ ಕೈಯಲ್ಲೇ ಇತ್ತು. ಭಾವ ಎಚ್.ಡಿ. ಕೋಟೆಯಲ್ಲಿ ಏನೋ ಕೆಲಸವೆಂದು ಬಂದವನು ಅವ್ವನನ್ನು ನೋಡಿಕೊಂಡು ಹೋಗಲು ಬಂದ. ಅವ್ವ ನೋಡಿದಳು, ಇದೇ ಹೊತ್ತು ಎಂದುಕೊಂಡಳು ಎಂದು ಕಾಣುತ್ತದೆ. ಆತನನ್ನು ಜಗುಲಿಯ ಮೇಲೆ ಕೂರಿಸಿ, ಒಳಗೆ ಹೋಗಿ ಮುಖ ತೊಳೆದು, ನಾನು ಕೊಡಿಸಿದ್ದ ನೀಲಿ ಸೀರೆ ಉಟ್ಟು ಬಂದು ಪಕ್ಕದಲ್ಲಿ ಕೂತಳು. ಭಾವ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಆಗ ಮೀಸೆಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದ. "ಹಿಡಿದುಬುಡು ತಂಗ್ಯವ್ವ. ಅವ್ವಾರೂ ನಾನೂ ಕುಂತಿವಿ" ಅಂದ.

ಬೆಳಗಿನ ಬಿಸಿಲು ಜಗುಲಿಗೆ ಚೆನ್ನಾಗಿ ಬಿದ್ದಿತ್ತು. ಇಬ್ಬರೂ ನನ್ನ ಕಡೆ ನೋಡುತ್ತಿದ್ದರು. ಗುಂಡಿ ಒತ್ತಬೇಕು, ಅಷ್ಟೇ. ನನ್ನ ಹೆಬ್ಬೆರಳು ಅದರ ಮೇಲೇ ಇತ್ತು. ಆತನ ಆ ಬಾಚಿದ ತಲೆ ನೋಡಿದೆ, ಛತ್ರದ ಸಾರಿನ ಹಂಡೆ ನೆನಪಾಯಿತು, ಬಾಯಿಗೆ ಬಂದದ್ದು ಇದು: "ಬ್ಯಾಟರಿ ಮುಗಿದೈತೆ ಅಣ್ಣ."

ಬ್ಯಾಟರಿ ಇದೆ ಎನ್ನುವ ಕ್ಯಾಮೆರಾದ ಹಸಿರು ದೀಪ ಉರಿಯುತ್ತಲೇ ಇತ್ತು. ಅವ್ವನಿಗೆ ಅದು ಕಾಣುತ್ತಿತ್ತು. ಅವಳು ನನ್ನನ್ನು ಒಂದು ಗಳಿಗೆ ನೋಡಿ, "ಓಗ್ಲಿ ಬುಡಿ, ಮಕ ತೊಳೆದಿದ್ದಾದ್ರೂ ಆಯ್ತು" ಎಂದು ನಕ್ಕು ಕಾಫಿ ಕಾಯಿಸಲು ಎದ್ದಳು.

ಮರು ವರ್ಷ ಮಳೆಗಾಲದಲ್ಲಿ ಅವ್ವ ನಾಲ್ಕು ದಿನ ಜ್ವರ ಬಂದು ತೀರಿಕೊಂಡಳು. ಗೋಡೆಗೆ ಹಾಕಲು ಪಡಿತರ ಚೀಟಿಯ ಫೋಟೋ ದೊಡ್ಡದು ಮಾಡಿಸಿದೆವು. ಅದರಲ್ಲಿ ಅವಳು ಯಾರಿಂದಲೋ ಬೈಸಿಕೊಂಡವಳ ಹಾಗೆ ಇದ್ದಾಳೆ. ಭಾವ ತಿಥಿಗೆ ಬಂದು ಆ ಫೋಟೋದ ಮುಂದೆ ಬಹಳ ಹೊತ್ತು ಕೈ ಮುಗಿದು ನಿಂತಿದ್ದ. ನಾನು ಹತ್ತಿರ ಹೋಗಲಿಲ್ಲ. ಅಷ್ಟಾದರೂ ನನ್ನ ಕೋಪ ಹೋಗಿರಲಿಲ್ಲ. ಈಗಲೂ ಹೋಗಿಲ್ಲ. ಆತನ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಎಂದು ಬೇರೆ ಮಾಡಲು ಬಾರದು, ಅಷ್ಟೇ.

ಆಮೇಲೆ ಕ್ಯಾಸೆಟ್ಟುಗಳನ್ನೆಲ್ಲ ಸೀಡಿಗೆ ಹಾಕಿಸುವ ಕಾಲ ಬಂತು. ಬೀಚನಹಳ್ಳಿಯದನ್ನು ಪಿರಿಯಾಪಟ್ಟಣದ ಒಂದು ಅಂಗಡಿಗೆ ಕೊಂಡುಹೋದೆ. ಕಂಪ್ಯೂಟರ್ ಮುಂದೆ ಕೂತಿದ್ದವರಿಗೆ ಹೊಂಗೆ ಕೊಂಬೆಯ ಜಾಗ ತೋರಿಸಿ ಕೇಳಿದೆ, "ಇಲ್ಲಿ ಇಬ್ಬರು ಮಾತಾಡ್ತಾರೆ. ಗಂಡಸಿನ ದನಿ ತೆಗೆದು ಹೆಂಗಸಿನ ದನಿ ಮಾತ್ರ ಉಳಿಸಿ ಕೊಡ್ತೀರಾ?"

ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎರಡು ಮೂರು ಸಲ ಕೇಳಿದರು. "ಆಗಲ್ಲ ಮೇಡಂ. ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡವ್ರೆ. ಅವ್ರನ್ನ ತೆಗೆದ್ರೆ ಇವ್ರೂ ಹೋಯ್ತಾರೆ."

ಹಾಗೇ ಹಾಕಿಸಿಕೊಂಡು ಬಂದೆ. ಮನೆಯಲ್ಲಿ ಯಾರೂ ಇಲ್ಲದಾಗ ಹಾಕಿಕೊಂಡು ಕೇಳುತ್ತೇನೆ. ಅವ್ವ ಇನ್ನೊಂದ್ ತುತ್ತು ಅನ್ನುತ್ತಾಳೆ. ಆತ ಸಾಕು ಸಾಕು ಅನ್ನುತ್ತಾನೆ, ಅನ್ನುತ್ತಲೇ ಉಣ್ಣುತ್ತಾನೆ, ಸಾರು ಸೊರ್ರನೆ ಎಳೆಯುತ್ತಾನೆ. ಕೊನೆಗೆ ಜೋರಾಗಿ ಒಂದು ತೇಗು ತೇಗುತ್ತಾನೆ, ಅದಕ್ಕೆ ಅವ್ವ ಗೊಳ್ಳನೆ ನಗುತ್ತಾಳೆ. ಅವಳ ನಗು ನನ್ನ ಹತ್ತಿರ ಉಳಿದಿರುವುದು ಅದೊಂದೇ. ಅದನ್ನು ಕೇಳಬೇಕಾದರೆ ಪ್ರತಿ ಸಲವೂ ಆ ತೇಗನ್ನು ಮೊದಲು ಕೇಳಬೇಕು.